ಗೂಡಿನ ಫೋಟೊ ಹಂಚಿಕೊಳ್ಳುವ ಮುನ್ನ: ಗದುಗಿನ ಕಡೆಯ ಒಂದು ಕಹಿ ಅನುಭವ

ಹಕ್ಕಿಯ ಗೂಡು, ಮರಿ, ನರಿಯ ಬಿಲ ಇಂಥವುಗಳ ಫೋಟೊ ತೆಗೆದು ಹತ್ತು ಜನರಿಗೆ ತೋರಿಸುವ ಅಭ್ಯಾಸವಿರುವವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬರೆಯದೆ ಬಿಟ್ಟರೆ ಜಾಗ ಗುಟ್ಟಾಗಿ ಉಳಿಯುತ್ತದೆ ಎಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಕಳೆದ ಜನವರಿಯಲ್ಲಿ ಕಪ್ಪತಗುಡ್ಡದ ಸೆರಗಿನಲ್ಲಿರುವ ಒಂದು ಕೈಬಿಟ್ಟ ಕಲ್ಲು ಕ್ವಾರಿಯಿಂದ ಕೊಂಬಿನ ಗೂಬೆಯ ಎರಡು ಮರಿಗಳು ಕಾಣೆಯಾದವು. ಅವು ಅಲ್ಲಿವೆ ಎಂಬುದನ್ನು ಊರ ಹೊರಗಿನವರಿಗೆ ತಿಳಿಸಿದ್ದು ನನ್ನ ಫೋಟೊಗಳೇ. ಕಪ್ಪತಗುಡ್ಡದ ಹೆಸರನ್ನು ಹೇಳುವುದರಿಂದ ಈಗ ಹೊಸ ಅಪಾಯವೇನಿಲ್ಲ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭಾಗವೇ ಸುಮಾರು 244 ಚದರ ಕಿಲೋಮೀಟರ್ ಇದೆ, ಅದರ ಹೊರಗಿನ ಹೊಲ, ಹಳ್ಳ, ದಿಣ್ಣೆಗಳ ಲೆಕ್ಕ ಬೇರೆ. ಇದಕ್ಕಿಂತ ಹೆಚ್ಚಿನ ಗುರುತು ನನ್ನಿಂದ ಸಿಗುವುದಿಲ್ಲ.

ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಬಂದ ಒಂದು ಭಾನುವಾರ, ಎಂದಿನಂತೆ ಗದುಗಿನಿಂದ ಬೆಳಗಿನ ಜಾವವೇ ಬೈಕ್ ಹತ್ತಿ ಹೊರಟಿದ್ದೆ. ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ತೆನೆ ಬಿಟ್ಟಿತ್ತು, ಕಡಲೆ ಕಾಯಿ ಕಟ್ಟಿತ್ತು. ಹೊಲವೊಂದರಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ವಯಸ್ಸಾದ ಕುರಿಗಾಹಿಯೊಬ್ಬರು ನನಗೆ ಎರಡು ಮೂರು ವರ್ಷಗಳಿಂದ ಪರಿಚಯ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿ ಅವರು, "ಸರ, ಕ್ವಾರಿ ತಗ್ಗಿನ್ಯಾಗ ಗೂಗಿ ಮರಿ ಮಾಡ್ಯಾವ, ನೋಡ್ತೀರೇನು?" ಎಂದು ಕೇಳಿ ತಾವೇ ಮುಂದೆ ನಡೆದರು.

ಕೊಂಬಿನ ಗೂಬೆ ಕಡ್ಡಿಗಳನ್ನು ಜೋಡಿಸಿ ಗೂಡು ಕಟ್ಟುವ ಹಕ್ಕಿಯಲ್ಲ. ಬಂಡೆಯ ಅಂಚಿನಲ್ಲಿ, ಕೊರಕಲಿನ ಗೋಡೆಯಲ್ಲಿ ಒಂದಿಷ್ಟು ಬರಿ ಮಣ್ಣು ಸಿಕ್ಕರೆ ಅಲ್ಲೇ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟು, ತಿಂಗಳ ಮೇಲೆ ಕಾವು ಕೊಟ್ಟು ಮರಿ ಮಾಡುತ್ತದೆ. ನಮ್ಮಲ್ಲಿ ಅದರ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಯಂತ್ರದಿಂದ ಕೊರೆದು ಬಿಟ್ಟ ಕ್ವಾರಿಯ ಮೆಟ್ಟಿಲಿನಂಥ ಅಂಚು ಅದಕ್ಕೆ ಹೇಳಿ ಮಾಡಿಸಿದ ಮನೆ, ಆದರೆ ಮನುಷ್ಯನ ಕೈಗೂ ಆ ಅಂಚು ಅಷ್ಟೇ ಸುಲಭವಾಗಿ ಎಟಕುತ್ತದೆ. ಅಲ್ಲಿ ಬೂದಿ ಬಣ್ಣದ ತುಪ್ಪಳದ ಎರಡು ಮರಿಗಳು ಒಂದಕ್ಕೊಂದು ಆತುಕೊಂಡು ಕುಳಿತಿದ್ದವು. ಕಿತ್ತಳೆ ಬಣ್ಣದ ಕಣ್ಣುಗಳನ್ನು ಅರೆ ಮುಚ್ಚಿಕೊಂಡು, ನಾವು ಕದಲಿದಾಗಲೊಮ್ಮೆ ಕೊಕ್ಕನ್ನು ಟಕ್ ಟಕ್ ಎನ್ನಿಸುತ್ತಿದ್ದವು. ಗೂಬೆ ಕಾರಿ ಕೆಳಗೆ ಬಿದ್ದಿದ್ದ ಹೆಬ್ಬೆರಳು ಗಾತ್ರದ ಒಣ ಉಂಡೆಯೊಂದನ್ನು ಕಾಕಾ ಕಡ್ಡಿಯಿಂದ ಒಡೆದು ತೋರಿಸಿದರು. ಒಳಗೆ ಇಲಿಯ ಕೂದಲು, ಸೂಜಿಯಂಥ ಪಕ್ಕೆಲುಬುಗಳು, ಹಳದಿ ಬಾಚಿಹಲ್ಲು ಸಮೇತ ಒಂದು ದವಡೆ. ಜೋಳದ ಹೊಲದವನಿಗೆ ಇಂಥ ನೆರೆಯವರು ಸಿಗುವುದು ಪುಣ್ಯ ಎಂದುಕೊಂಡೆ. ಮನೆಯ ಮೇಲೆ ಗೂಗಿ ಕೂತು ಕೂಗಿದರೆ ಕೇಡು ಎಂದು ಹೆದರುವ ನಾಡಿನಲ್ಲಿ, ಆ ಮರಿಗಳನ್ನು ಇನ್ನೊಬ್ಬರಿಗೆ ತೋರಿಸುವಷ್ಟು ಅಕ್ಕರೆ ಆ ಹಿರಿಯರಿಗೆ ಇತ್ತು ಎಂಬುದನ್ನು ನೆನೆದರೆ ನನಗೆ ಈಗ ಇನ್ನಷ್ಟು ನಾಚಿಕೆಯಾಗುತ್ತದೆ.

ಆ ದಿನ ನಾನು ಮಾಡಿದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಡವಟ್ಟು ಇರುವುದು ಈ ಸಣ್ಣ ಸಣ್ಣ ಕೆಲಸಗಳಲ್ಲಿಯೇ. ಜೂಮ್ ಕ್ಯಾಮೆರಾದಲ್ಲಿ ಮೂವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ಜಾಗದ ಅಂದಾಜು ಸಿಗಲಿ ಎಂದು ಮೊಬೈಲ್‌ನಲ್ಲಿ ಕ್ವಾರಿ, ಆಕಾಶ ಎಲ್ಲವೂ ಕಾಣುವಂತೆ ಎರಡು ಅಗಲ ಚಿತ್ರ ತೆಗೆದೆ. ಹಿಂದಿರುಗುವಾಗ ಹಳ್ಳಿಯ ಹೋಟೆಲಿನಲ್ಲಿ ಗಿರ್ಮಿಟ್, ಮಿರ್ಚಿ ತಿಂದು, ಕಾಗದದ ಮೇಲಿನ ಬಿಸಿ ಮಿರ್ಚಿಯದೂ ಒಂದು ಚಿತ್ರ ತೆಗೆದು, "ಭಾನುವಾರದ ತಿಂಡಿ" ಎಂದು ಆಗಲೇ ಫೇಸ್‌ಬುಕ್‌ನಲ್ಲಿ ಹಾಕಿದೆ. ಸಂಜೆ ಮನೆಯಲ್ಲಿ ಕುಳಿತು ಮರಿಗಳ ನಾಲ್ಕು ಚಿತ್ರಗಳನ್ನು, ಜೊತೆಗೆ ಒಂದು ಅಗಲ ಚಿತ್ರವನ್ನು, "ಗದುಗಿನ ಸುತ್ತಿನ ಒಂದು ಬೆಳಗು" ಎಂಬ ಶೀರ್ಷಿಕೆಯಲ್ಲಿ ಹಂಚಿಕೊಂಡೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೆ, ಎಲ್ಲಿ ಎಂದು ಕೇಳಿದವರಿಗೆ ಹೇಳಲೂ ಇಲ್ಲ. ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು.

ಮರುದಿನ ಒಬ್ಬ ಯುವಕ ಮೆಸೆಂಜರ್‌ನಲ್ಲಿ ಮಾತಾಡಿಸಿದ. ಗೂಬೆಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವುದಾಗಿ ಹೇಳಿಕೊಂಡ, ಮರಿಗಳ ವಯಸ್ಸನ್ನು ನನಗಿಂತ ಚೆನ್ನಾಗಿ ಅಂದಾಜು ಮಾಡಿದ, ಪ್ರತಿ ಮಾತಿಗೂ ಸರ್ ಎನ್ನುತ್ತಿದ್ದ. ಜಾಗ ಎಲ್ಲಿದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಅದರಿಂದಲೇ ನನಗೆ ಅವನ ಮೇಲೆ ವಿಶ್ವಾಸ ಬಂದದ್ದು. ಗೂಡಿನ ಸುತ್ತಲಿನ ಬಂಡೆಯ ರಚನೆ ಅಳೆಯಬೇಕು, ಮೊಬೈಲ್ ಚಿತ್ರವೇ ಸಾಕು, ಆದರೆ ವಾಟ್ಸಾಪ್‌ನಲ್ಲಿ ಹಾಗೆಯೇ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ ಸರ್ ಎಂದ. ಕಳಿಸಿದೆ.

ಗೊತ್ತಿಲ್ಲದವರಿಗಾಗಿ ಇದನ್ನು ವಿವರಿಸುತ್ತೇನೆ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿದ್ದರೆ, ತೆಗೆದ ಪ್ರತಿ ಚಿತ್ರದ ಫೈಲಿನೊಳಗೆ ದಿನಾಂಕ, ಸಮಯ, ಮೊಬೈಲಿನ ಮಾದರಿ ಇವುಗಳ ಜೊತೆಗೆ ಆ ಜಾಗದ ಅಕ್ಷಾಂಶ ರೇಖಾಂಶಗಳೂ ದಾಖಲಾಗುತ್ತವೆ. ಇದನ್ನು ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ದಶಮಾಂಶದ ನಂತರದ ನಾಲ್ಕನೆಯ ಅಂಕಿಯೇ ಸುಮಾರು ಹನ್ನೊಂದು ಮೀಟರಿನಷ್ಟು ನಿಖರವಾಗಿ ಜಾಗವನ್ನು ತೋರಿಸುತ್ತದೆ, ಫೈಲಿನಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿಗಳಿರುತ್ತವೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಕಳಚಿ ಹೋಗುತ್ತದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಚಿತ್ರವನ್ನು ಬೇರೆಯವರು ಇಳಿಸಿಕೊಂಡರೂ ಅವರಿಗೆ ಅದು ಸಿಗುವುದಿಲ್ಲ. ಆದರೆ ಡಾಕ್ಯುಮೆಂಟ್ ಆಗಿಯೋ ಇ-ಮೇಲ್‌ನಲ್ಲಿಯೋ ಗೂಗಲ್ ಡ್ರೈವ್‌ನಲ್ಲಿಯೋ ಮೂಲ ಫೈಲನ್ನೇ ಕಳಿಸಿದರೆ ಅದೆಲ್ಲವೂ ಇದ್ದ ಹಾಗೆಯೇ ಹೋಗುತ್ತದೆ. ನಾನು ಆ ಯುವಕನಿಗೆ ಬಂಡೆಯ ರಚನೆಯ ಜೊತೆಗೆ ಗೂಡಿನ ಬಾಗಿಲನ್ನೂ ತೋರಿಸಿಬಿಟ್ಟಿದ್ದೆ.

ಇದು ಒಂದು ದಾರಿಯಾಯಿತು. ಇನ್ನೊಂದು ದಾರಿ ನನಗೆ ತಿಳಿದದ್ದು ಮುಂದಿನ ಭಾನುವಾರ, ಕ್ವಾರಿಯ ಅಂಚಿನಲ್ಲಿ. ನಾನು ಹೋಗುವಷ್ಟರಲ್ಲಿ ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದಿದ್ದ ನಾಲ್ವರು ಅಲ್ಲಿದ್ದರು. ಒಬ್ಬರ ಮೊಬೈಲ್‌ನಿಂದ ಗೂಬೆಯ ಕೂಗು ಮತ್ತೆ ಮತ್ತೆ ಮೊಳಗುತ್ತಿತ್ತು, ತಾಯಿ ಹಕ್ಕಿ ಎದುರಿನ ಬೇವಿನ ಮರದಿಂದ ಮೇಲೆದ್ದು ಹಗಲು ಬೆಳಕಿನಲ್ಲೇ ಸುತ್ತು ಹೊಡೆಯುತ್ತಿತ್ತು, ಅದರ ಬೆನ್ನಿಗೆ ಕಾಗೆಗಳ ಹಿಂಡು. ಇನ್ನೊಬ್ಬರು ಚಿತ್ರಕ್ಕೆ ಅಡ್ಡ ಬರುತ್ತದೆ ಎಂದು ಅಂಚಿನ ಹುಲ್ಲನ್ನು ಕಿತ್ತು ಹಾಕಿದ್ದರು; ಮರಿಗಳಿಗೆ ಇದ್ದ ಒಂದೇ ಮರೆ ಅದು. ಕೂಗು ನಿಲ್ಲಿಸಿ ಎಂದು ಕೇಳಿಕೊಂಡು, ಜಾಗ ಹೇಗೆ ಸಿಕ್ಕಿತು ಎಂದು ವಿಚಾರಿಸಿದೆ. ಅವರಲ್ಲೊಬ್ಬರು ಸಂಕೋಚವಿಲ್ಲದೆ, ಒಗಟು ಬಿಡಿಸಿದವರ ಸಂತೋಷದಲ್ಲಿ, ನನ್ನದೇ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದರು. ಅಗಲ ಚಿತ್ರದ ಎಡ ಮೂಲೆಯಲ್ಲಿ, ದಿಣ್ಣೆಯ ಮೇಲೆ ಒಂದು ಗಾಳಿಯಂತ್ರವಿತ್ತು. ಈ ಭಾಗದಲ್ಲಿ ಯಾವ ದಿಕ್ಕಿಗೆ ಕ್ಯಾಮೆರಾ ಹಿಡಿದರೂ ಗಾಳಿಯಂತ್ರ ಬರುತ್ತದೆ, ಆದ್ದರಿಂದ ನಮ್ಮ ಕಣ್ಣು ಅದನ್ನು ಗುರುತೆಂದು ಎಣಿಸುವುದೇ ಇಲ್ಲ. ಆದರೆ ಆ ಕಂಬದ ಬುಡದಲ್ಲಿ ದಪ್ಪ ಅಕ್ಷರದಲ್ಲಿ ಅದರ ಸಂಖ್ಯೆ ಬರೆದಿರುತ್ತದೆ, ನನ್ನ ಚಿತ್ರದಲ್ಲಿ ಅದನ್ನು ಓದಬಹುದಾಗಿತ್ತು. ಯಾವ ಊರ ಸೀಮೆ ಎಂಬುದು ಅದೇ ಬೆಳಿಗ್ಗೆ ನಾನು ಹಾಕಿದ್ದ ಮಿರ್ಚಿಯ ಚಿತ್ರದಲ್ಲಿತ್ತು: ಹೋಟೆಲಿನ ಫಲಕ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಊರು ಮತ್ತು ತಾಲ್ಲೂಕು. ಆ ಊರಿಗೆ ಬಂದು, ಇಂಥ ನಂಬರಿನ ಫ್ಯಾನ್ ಎಲ್ಲಿ ಎಂದು ಕಾವಲುಗಾರನೊಬ್ಬನನ್ನು ಕೇಳಿದ್ದರು, ಅವನು ದಾರಿ ತೋರಿಸಿದ್ದ.

ಅವರನ್ನು ಕಳ್ಳರೆಂದು ನಾನು ಹೇಳುತ್ತಿಲ್ಲ, ಅವರೂ ನನ್ನ ಹಾಗೆಯೇ ಫೋಟೊ ಹುಚ್ಚಿನವರು. ಆದರೆ ಅವರು ಕೇಳಿದ್ದನ್ನೇ ಬೇರೆಯವರೂ ಕೇಳಬಹುದಿತ್ತು. ಆ ರಾತ್ರಿಯೇ ಪೋಸ್ಟ್ ಅಳಿಸಿದೆ. ಆ ವೇಳೆಗಾಗಲೇ ಅದು ನೂರಾರು ಬಾರಿ ಹಂಚಿಕೆಯಾಗಿತ್ತು.

ಬುಧವಾರ ಬೆಳಿಗ್ಗೆ ಕಾಕಾ ಫೋನ್ ಮಾಡಿದರು. ಮಧ್ಯಾಹ್ನ ರಜೆ ಹಾಕಿ ಹೋದೆ. ಅಂಚು ಬರಿದಾಗಿತ್ತು. ಮೇಲಿನ ಬಂಡೆಗೆ ಹಗ್ಗ ಉಜ್ಜಿದ ಗುರುತು, ಕೆಳಗೆ ಗೋಣಿಚೀಲದ ಒಂದು ಹರಕು, ಅದರ ನಾರಿಗೆ ಸಿಕ್ಕಿಕೊಂಡಿದ್ದ ಬೂದಿ ತುಪ್ಪಳ. "ರಾತ್ರಿ ಎರಡು ಬೈಕ್ ಬಂದಿದ್ವು ಸರ, ಬ್ಯಾಟರಿ ಬೆಳಕು ಕಂಡಿತ್ತು. ಫ್ಯಾನಿನ ಕೆಲಸದವರು ಅಂದ್ಕೊಂಡೆ," ಎಂದರು ಕಾಕಾ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾರಾತು, ಮಂದಿ ಬರಾಕ ಹತ್ಯಾರ. ನಿಮ್ಮ ಪೈಕಿ ಇರಬೇಕು ಅಂತ ನಾನೂ ಸುಮ್ನಿದ್ದೆ," ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅರಣ್ಯ ಇಲಾಖೆಗೆ ದೂರು ಕೊಟ್ಟೆ. ಸಿಬ್ಬಂದಿ ಬಂದು ಪಂಚನಾಮೆ ಮಾಡಿದರು, ನನ್ನ ಹೇಳಿಕೆ ಬರೆದುಕೊಂಡರು. ಪಿಎಚ್‌.ಡಿ. ಯುವಕನ ನಂಬರು ಅಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು, ಖಾತೆಯೂ ಇರಲಿಲ್ಲ. ಅವನೇ ಮಾಡಿದ ಎಂದು ಪ್ರಮಾಣ ಮಾಡಿ ಹೇಳಲು ನನ್ನಲ್ಲಿ ಪುರಾವೆಯಿಲ್ಲ. ಮರಿಗಳು ಸಿಕ್ಕಿಲ್ಲ. ಭಾರತದಲ್ಲಿ ಮೂವತ್ತು ಜಾತಿಯ ಗೂಬೆಗಳಿದ್ದು, ಅವುಗಳಲ್ಲಿ ಹದಿನೈದು ಜಾತಿಗಳು ಕಳ್ಳ ವ್ಯಾಪಾರದಲ್ಲಿ ಕಂಡುಬಂದಿವೆ ಎಂದು ವನ್ಯಜೀವಿ ಮಾರಾಟದ ಮೇಲೆ ನಿಗಾ ಇಡುವ ಟ್ರಾಫಿಕ್ ಸಂಸ್ಥೆಯ 2010ರ ವರದಿ ಹೇಳಿತ್ತು; ಮಾಟ, ಮಂತ್ರ, ನಿಧಿಯ ಆಸೆ ಇವೇ ಅದರ ಬೇರು. ಅದನ್ನು ನಾನು ಓದಿದ್ದೆ, ಆದರೂ ನಮ್ಮ ಸೀಮೆಗೆ ಅದು ಬಾರದ ಮಾತು ಎಂದುಕೊಂಡಿದ್ದೆ.

ಕಾನೂನಿನ ಒಂದು ಮಾತು ನನ್ನಂಥವರಿಗೆ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯೊಳಗೆ ಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಹುಲ್ಲು ಕಿತ್ತವರು, ಕೂಗು ಮೊಳಗಿಸಿದವರು, ಅಷ್ಟೇಕೆ, ಮೊದಲ ದಿನ ಅರ್ಧ ಗಂಟೆ ಎದುರಿಗೆ ನಿಂತ ನಾನು, ಎಲ್ಲರೂ ಆ ಗೆರೆಯ ಹತ್ತಿರವೇ ಇದ್ದೆವು.

ಹಾಗೆಂದು ಜಾಗದ ಹೆಸರನ್ನು ಎಲ್ಲಿಯೂ ಹೇಳಬಾರದು ಎಂದಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ಹಾಕಿ ಕೆರೆಯ ಹೆಸರು ಬರೆದರೆ ಯಾರಿಗೂ ನಷ್ಟವಿಲ್ಲ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆ ಪಟ್ಟಿಯ ಮೇಲಿನ ಸಂಖ್ಯೆ ಚಿತ್ರದಲ್ಲಿ ಓದುವಂತಿದ್ದರೆ ಹಕ್ಕಿಯ ದಾರಿಯೇ ತಿಳಿಯುತ್ತದೆ. ಅದೇ ಬಗೆಯ ಸಂಖ್ಯೆ ಕ್ವಾರಿಯ ಹಿಂದಿನ ಕಂಬದ ಮೇಲಿದ್ದಾಗ ನಾನು ನೋಡಬೇಕಿತ್ತು. ಗೂಡು, ಬಿಲ, ಮರಿ, ನಕ್ಷತ್ರ ಆಮೆಯಂತೆ ಹಿಡಿದು ಮಾರುವ ಪ್ರಾಣಿ, ಇವುಗಳ ವಿಷಯದಲ್ಲಿ ಮಾತ್ರ ಬೇರೆಯದೇ ಕಟ್ಟುನಿಟ್ಟು ಬೇಕು.

ನಾನು ಈಗ ಏನು ಮಾಡುತ್ತೇನೆ ಎಂದರೆ, ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ಟಿದ್ದೇನೆ. ಗೂಡಿನ ಬಳಿ ಅಗಲ ಚಿತ್ರ ತೆಗೆಯುವುದನ್ನೇ ಬಿಟ್ಟಿದ್ದೇನೆ. ತೆಗೆದರೂ ಗುಡ್ಡದ ಗೆರೆ, ಕಂಬ, ಗುಡಿಯ ಗೋಪುರ, ಮೈಲಿಗಲ್ಲು ಎಲ್ಲವನ್ನೂ ಕತ್ತರಿಸುತ್ತೇನೆ. ಮರಿಗಳು ಹಾರಿಹೋಗಿ ತಿಂಗಳುಗಳು ಕಳೆಯುವವರೆಗೆ ಚಿತ್ರ ಹೊರಗೆ ಬಿಡುವುದಿಲ್ಲ, ಅದರ ಅಕ್ಕಪಕ್ಕದ ದಿನಗಳ ತಿಂಡಿ, ರಸ್ತೆ, ಜಾತ್ರೆಗಳ ಚಿತ್ರವನ್ನೂ ಬಿಡುವುದಿಲ್ಲ. ಮೂಲ ಫೈಲನ್ನು ಮುಖ ಪರಿಚಯವಿಲ್ಲದವರಿಗೆ ಕೊಡುವುದಿಲ್ಲ. ನಿಜವಾದ ಸಂಶೋಧಕರಾದರೆ ತಮ್ಮ ಸಂಸ್ಥೆಯ ಮೂಲಕ, ಇಲಾಖೆಯ ಅನುಮತಿ ಪತ್ರದೊಂದಿಗೆ ಕೇಳಲಿ. ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳಲ್ಲಿ ದಾಖಲೆಗೆಂದೇ ಹಾಕುವವರಿಗೆ ಇ-ಬರ್ಡ್‌ನಲ್ಲಿ ಸೂಕ್ಷ್ಮ ಪಟ್ಟಿಯಲ್ಲಿರುವ ಹಕ್ಕಿಗಳ ಜಾಗವನ್ನು ಮರೆಮಾಡುವ ವ್ಯವಸ್ಥೆಯಿದೆ, ಐ-ನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ನಮ್ಮ ಕೈಯಲ್ಲೇ ಇದೆ.

ಕೊನೆಗೆ ಒಂದು ವಿನಂತಿ. ನನ್ನ ಆ ಚಿತ್ರ ಇನ್ನೂ ಯಾವ ಯಾವ ಗುಂಪುಗಳಲ್ಲಿ ತಿರುಗುತ್ತಿದೆಯೋ ನನಗೆ ತಿಳಿಯದು. ಬಂಡೆಯ ಅಂಚಿನಲ್ಲಿ ಎರಡು ಬೂದಿ ಮರಿಗಳು, ಎಡ ಮೂಲೆಯಲ್ಲಿ ಗಾಳಿಯಂತ್ರದ ಕಂಬ ಇರುವ ಫೋಟೊ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿಬಿಡಿ, ಈ ಬರಹದ ಜೊತೆಗೂ ಅದನ್ನು ಮುಂದಕ್ಕೆ ಕಳಿಸಬೇಡಿ. ಕೊಂಬಿನ ಗೂಬೆಗಳು ಒಮ್ಮೆ ಆರಿಸಿಕೊಂಡ ಜಾಗದಲ್ಲೇ ವರ್ಷ ವರ್ಷವೂ ಮೊಟ್ಟೆಯಿಡುತ್ತವೆ. ದೊಡ್ಡ ಹಕ್ಕಿಗಳೆರಡೂ ಇನ್ನೂ ಕ್ವಾರಿಯಲ್ಲೇ ಇವೆ ಎಂದು ಕಾಕಾ ಕಳೆದ ತಿಂಗಳು ಹೇಳಿದರು, ನವೆಂಬರ್ ಮತ್ತೆ ಬರುತ್ತದೆ.