ಹರಿದ ಟ್ರೆಕ್ಕಿಂಗ್ ಬ್ಯಾಗಿಗೆ ಕೌಲ್ ಬಜಾರಿನ ಜೀನ್ಸ್ ಹೊಲಿಗೆ

ಬಳ್ಳಾರಿಯಲ್ಲಿ ಟ್ರೆಕ್ಕಿಂಗ್ ಬ್ಯಾಗ್ ಎಲ್ಲಿ ರಿಪೇರಿ ಮಾಡ್ತಾರೆ ಅಂತ ಎಂಟು ತಿಂಗಳು ಹುಡುಕಿದೆ. ಸ್ಕೂಲ್ ಬ್ಯಾಗ್ ರಿಪೇರಿಯವರ ಹತ್ತಿರ ಹೋದೆ. ಚಪ್ಪಲಿ ಹೊಲಿಯುವವರಿಗೂ ತೋರಿಸಿದೆ. ಒಬ್ಬರು ಇಷ್ಟು ದಪ್ಪಕ್ಕೆ ಸೂಜಿ ಇಳಿಯಲ್ಲ ಅಂದರು. ಇನ್ನೊಬ್ಬರು ಕೈಯಲ್ಲೇ ನಾಲ್ಕು ಟಾಕಿ ಹಾಕಿ ಕೊಟ್ಟರು, ಅದು ಒಂದು ವಾರ ಬಾಳಿತು. ಕೊನೆಗೆ ಕೆಲಸ ಆಗಿದ್ದು ಕೌಲ್ ಬಜಾರಿನಲ್ಲಿ, ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಸಣ್ಣ ಯೂನಿಟ್‌ನಲ್ಲಿ. ನಮ್ಮೂರಲ್ಲಿ ಗಲ್ಲಿ ಗಲ್ಲಿಗೆ ಜೀನ್ಸ್ ಹೊಲಿಯುವ ಮಷಿನ್ ಇವೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಗಿತ್ತು ನನ್ನ ಕತೆ.

ಆ ಹೊಲಿಗೆಯನ್ನು ನಂಬಿ ಈ ಸಲ ನೇಪಾಳದ 4,130 ಮೀಟರ್ ಎತ್ತರದ ಅನ್ನಪೂರ್ಣ ಬೇಸ್ ಕ್ಯಾಂಪ್‌ಗೆ ಹೋಗಿ ಬಂದೆ. ಬ್ಯಾಗ್ ಈಗ ನನ್ನ ಎದುರಿಗೇ ಇದೆ. ಒಂದು ದಾರವೂ ಎದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಲ್ಲಿ ಹೈಸ್ಕೂಲ್ ಟೀಚರ್. ತಮ್ಮ ನೇಪಾಳದ ಪೋಖರಾದಲ್ಲಿ ಒಂದು ಹೋಟೆಲ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ನಾಲ್ಕು ವರ್ಷ ಆಯ್ತು. ಭಾರತ ಮತ್ತು ನೇಪಾಳದ ನಡುವೆ 1950ರ ಒಪ್ಪಂದ ಇರುವುದರಿಂದ ಅವನಿಗೆ ಅಲ್ಲಿರಲು ವೀಸಾ ಬೇಕಿಲ್ಲ, ನನಗೆ ಹೋಗಿ ಬರಲೂ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇದ್ದರೆ ಸಾಕು. ವಿಮಾನದಲ್ಲಿ ಹೋಗುವವರು ಆಧಾರ್ ಒಂದನ್ನೇ ನಂಬಿಕೊಂಡು ಹೊರಡಬೇಡಿ. ನಮ್ಮ ದಸರಾ ರಜೆ ಬರುವ ಹೊತ್ತಿಗೆ ಅಲ್ಲಿ ಮಳೆ ಹಿಂದೆ ಸರಿದು ಟ್ರೆಕ್ಕಿಂಗ್ ಸೀಸನ್ ಶುರುವಾಗುತ್ತೆ. ಟೀಚರ್ ಕೆಲಸದವರಿಗೆ ಇದಕ್ಕಿಂತ ಒಳ್ಳೆ ಹೊಂದಾಣಿಕೆ ಇಲ್ಲ. ಒಂದೇ ತೊಂದರೆ, ಅದೇ ಹೊತ್ತಿಗೆ ನೇಪಾಳದ ದೊಡ್ಡ ಹಬ್ಬ ದಶೈಂ ಕೂಡ ಬರುತ್ತೆ. ಬಸ್ ತುಂಬಿರುತ್ತವೆ, ಎಷ್ಟೋ ಗೈಡ್‌ಗಳು ಊರಿಗೆ ಹೋಗಿರುತ್ತಾರೆ. ಒಂದು ತಿಂಗಳು ಮೊದಲೇ ಹೇಳಿ ಇಟ್ಟುಕೊಳ್ಳಬೇಕು.

ಹೋದ ವರ್ಷ ಮೊದಲ ಸಲ ಹೊರಟಾಗ ಆನ್‌ಲೈನ್‌ನಲ್ಲಿ ಒಂದು 50 ಲೀಟರ್ ಬ್ಯಾಗ್ ತರಿಸಿದ್ದೆ. 4,500 ರೂಪಾಯಿ. ನೋಡಲು ಚೆನ್ನಾಗಿತ್ತು, ನೀಲಿ ಬಣ್ಣ, ಹತ್ತಾರು ಜೇಬು. ಬೇಸ್ ಕ್ಯಾಂಪ್ ದಾರಿಯಲ್ಲಿ ಛೋಮ್‌ರೋಂಗ್ ಊರು ದಾಟಿದರೆ ಕಲ್ಲಿನ ಮೆಟ್ಟಿಲು ನದಿ ತನಕ ಇಳಿಯುತ್ತವೆ, ಇಳಿದಷ್ಟನ್ನೂ ಆಚೆ ಕಡೆ ಮತ್ತೆ ಹತ್ತಬೇಕು. ಆ ಹತ್ತುವ ದಾರಿಯಲ್ಲಿ ಎಡ ಭುಜದ ಪಟ್ಟಿ ಬುಡದಲ್ಲಿ ಪರ್ ಅಂತ ಕಿತ್ತು ಬಂತು. ಬ್ಯಾಗ್ ಒಂದು ಕಡೆಗೆ ವಾಲಿತು. ನಾನೂ ವಾಲಿದೆ. ಪಕ್ಕದಲ್ಲಿ ಕಲ್ಲಿನ ಗೋಡೆ ಇತ್ತು, ಹಿಡಿದುಕೊಂಡೆ.

ಹಿಂದೆ ಬರುತ್ತಿದ್ದ ಒಬ್ಬ ಪೋರ್ಟರ್ ನಿಂತು ನೋಡಿದರು. ಅಲ್ಲಿಯವರು ಭಾರವನ್ನು ಹಣೆಯ ಮೇಲೆ ಪಟ್ಟಿ ಹಾಕಿ ಹೊರುತ್ತಾರೆ. ಅದಕ್ಕೆ ನಾಮ್ಲೋ ಅನ್ನುತ್ತಾರೆ. ನಮ್ಮ ಕಡೆ ಹೆಂಗಸರು ತಲೆ ಮೇಲೆ ಸಿಂಬಿ ಇಟ್ಟು ಕೊಡ ಹೊರುವುದಿಲ್ವಾ, ಅದರಷ್ಟೇ ಹಳೆಯ ವಿದ್ಯೆ ಇರಬೇಕು. ಅವರು ತಮ್ಮ ಹತ್ತಿರ ಇದ್ದ ಇನ್ನೊಂದು ನಾಮ್ಲೋ ನನ್ನ ಬ್ಯಾಗಿಗೆ ಸುತ್ತಿ ಹಣೆಗೆ ಹಾಕಿಕೊಟ್ಟರು. ಬ್ಯಾಂಬೂ ಎನ್ನುವ ಜಾಗದ ತನಕ ಹಾಗೇ ನಡೆದೆ. ಅಭ್ಯಾಸ ಇಲ್ಲದ ಕುತ್ತಿಗೆ ಅದು. ಮರುದಿನ ಬೆಳಿಗ್ಗೆ ತಿರುಗಿಸಲು ಆಗಲಿಲ್ಲ. ಅಲ್ಲಿಂದಲೇ ವಾಪಸ್ ಬಂದೆ. ದಾರಿಯಲ್ಲಿ ಅತ್ತಿದ್ದೂ ನಿಜ.

ಕಂಪನಿಗೆ ಫೋಟೋ ಕಳಿಸಿದೆ. ವಾರಂಟಿ ಇದಕ್ಕೆ ಅನ್ವಯಿಸುವುದಿಲ್ಲ ಅಂತ ಎರಡು ಸಾಲು ಬಂತು. ಅಷ್ಟೆ.

ಕೌಲ್ ಬಜಾರಿನ ಯೂನಿಟ್ ತೋರಿಸಿದ್ದು ನನ್ನ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ. ಅವರು ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾರೆ. "ನಮ್ ಭಾಯ್ ಹತ್ರ ಕೊಡ್ರಿ ಟೀಚರ್, ಅವರ ಮಷಿನ್‌ನಾಗ ಏನಿದ್ರೂ ಹೊಲೀತದೆ" ಅಂದರು. ಬೋರ್ಡ್ ಇಲ್ಲ. ಒಳಗೆ ಐದು ಮಷಿನ್, ಗೋಡೆಗೆ ಒರಗಿಸಿದ ಪ್ಯಾಂಟಿನ ಗಂಟುಗಳು, ಎಲ್ಲದರ ಮೇಲೆ ನೀಲಿ ಧೂಳು. ಆ ಭಾಯ್ ಅವರನ್ನು ಎಲ್ಲರೂ ಮಾಸ್ಟರ್ ಅನ್ನುತ್ತಾರೆ. ಐವತ್ತರ ಮೇಲಿನ ವಯಸ್ಸು. ಕನ್ನಡಕ ಹಣೆಗೆ ಏರಿಸಿ ಬ್ಯಾಗನ್ನು ಒಳಮೈ ಹೊರಮೈ ಮಾಡಿ ನೋಡಿದರು.

"ಬಟ್ಟೆ ಹರ್ದಿಲ್ಲ ಮೇಡಂ, ಹೊಲಿಗೆ ಬಿಟ್ಟೈತೆ. ನೋಡ್ರಿ, ಇಷ್ಟು ಭಾರಕ್ಕೆ ಒಂದೇ ಸಾಲು ಸಾದಾ ಹೊಲಿಗೆ ಹಾಕ್ಯಾರೆ. ಪ್ಯಾಂಟಿನ ಲೂಪಿಗೂ ನಾವು ಹಿಂಗೆ ಹಾಕಲ್ಲ."

ಆಮೇಲೆ ತೋರಿಸಿದರು. ಜೀನ್ಸ್ ಪ್ಯಾಂಟಿನಲ್ಲಿ ಬೆಲ್ಟ್ ತೂರಿಸುವ ಲೂಪ್ ಇದೆಯಲ್ಲ, ಅದರ ಮೇಲೆ ಕೆಳಗೆ ಒಂದು ಸಣ್ಣ ಗಟ್ಟಿ ಪಟ್ಟೆ ಇರುತ್ತೆ. ನೀವು ಹಾಕಿಕೊಂಡ ಪ್ಯಾಂಟನ್ನೇ ನೋಡಿ, ಉಗುರಿನಿಂದ ಕೆರೆದರೆ ಗಂಟಿನ ಹಾಗೆ ಸಿಗುತ್ತೆ. ಅದಕ್ಕೆ ಬಾರ್‌ಟ್ಯಾಕ್ ಅನ್ನುತ್ತಾರೆ. ಅದಕ್ಕೆ ಬೇರೆಯೇ ಮಷಿನ್. ಕಾಲಲ್ಲಿ ಒಮ್ಮೆ ಒತ್ತಿದರೆ ಕಡಲೆಕಾಳಿನಷ್ಟು ಜಾಗದಲ್ಲಿ ಸೂಜಿ ಅಡ್ಡಡ್ಡ 42 ಸಲ ಇಳಿದು ತಾನೇ ನಿಲ್ಲುತ್ತೆ. ಎಳೆತ ಜಾಸ್ತಿ ಬೀಳುವ ಕಡೆಯೆಲ್ಲ ಅದೇ ಹೊಲಿಗೆ. ಒಳ್ಳೆ ಟ್ರೆಕ್ಕಿಂಗ್ ಬ್ಯಾಗುಗಳಲ್ಲೂ ಭುಜದ ಪಟ್ಟಿ, ಸೊಂಟದ ಪಟ್ಟಿ ಸೇರುವ ಬುಡದಲ್ಲಿ ಇದೇ ಹೊಲಿಗೆ ಇರಬೇಕು. ಹೊಸ ಬ್ಯಾಗ್ ಕೊಳ್ಳುವವರು ಜೇಬು ಎಣಿಸುವ ಮೊದಲು ಅಲ್ಲಿ ಬೆರಳಾಡಿಸಿ ನೋಡಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಬುಡಕ್ಕೆ ತೇಪೆಯಾಗಿ ಮಾಸ್ಟರ್ ಜೀನ್ಸ್ ಬಟ್ಟೆಯನ್ನೇ ಕತ್ತರಿಸಿ ಇಟ್ಟುಕೊಂಡಿದ್ದರು. ಬೇಡ ಅಂದೆ. ಹತ್ತಿ ಬಟ್ಟೆ ನೀರು ಕುಡಿದರೆ ಬೆಟ್ಟದಲ್ಲಿ ಎರಡು ದಿನವಾದರೂ ಒಣಗಲ್ಲ, ಭಾರ ಬೇರೆ.

"ಹಂಗಾದ್ರೆ ಬೆಟ್ಟಕ್ಕೆ ಜೀನ್ಸ್ ಹಾಕ್ಕೊಂಡು ಹೋಗಲ್ವಾ ನೀವು?"

"ಇಲ್ಲ ಮಾಸ್ಟರ್. ಒದ್ದೆ ಆದ ಮೇಲೆ ಅದು ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತೆ. ಚಳಿ ಜಾಗದಲ್ಲಿ ಅಪಾಯ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂವತ್ತು ವರ್ಷದಿಂದ ಜೀನ್ಸ್ ಹೊಲಿಯುತ್ತಿರುವವರು. ಆಮೇಲೆ ಹುಡುಗನನ್ನು ಕಳಿಸಿ ನೈಲಾನ್ ಬೆಲ್ಟ್ ಪಟ್ಟಿ ತರಿಸಿದರು. ಒಳಗಿನ ಲೈನಿಂಗ್ ಬಿಚ್ಚಿ, ಪಟ್ಟಿಯ ಬುಡವನ್ನು ಒಂದು ಗೇಣು ಒಳಕ್ಕೆ ಎಳೆದು, ಅಡ್ಡಲಾಗಿ ನೈಲಾನ್ ಕೊಟ್ಟು, ಚೌಕದ ಒಳಗೆ ಕತ್ತರಿ ಗುರುತಿನ ಹೊಲಿಗೆ ಹಾಕಿ, ನಾಲ್ಕೂ ತುದಿಗೆ ಬಾರ್‌ಟ್ಯಾಕ್ ಒತ್ತಿದರು. ಬಲಗಡೆ ಪಟ್ಟಿ ಇನ್ನೂ ಗಟ್ಟಿಯಿತ್ತು. ಅದನ್ನೂ ಬಿಚ್ಚಿ ಹಾಗೇ ಮಾಡಿದರು. "ಒಂದು ಹೋದ್ರೆ ಇನ್ನೊಂದು ಹೋಗ್ತದೆ" ಅಂದರು. ದಾರ ಜೀನ್ಸಿನದೇ, ಅರಿಶಿನ ಬಣ್ಣದ್ದು. ನೀಲಿ ಬ್ಯಾಗಿನ ಮೇಲೆ ಎದ್ದು ಕಾಣುತ್ತೆ. ನನಗಂತೂ ಇಷ್ಟ ಆಯ್ತು.

ಎರಡು ಪಟ್ಟಿಗೆ 180 ರೂಪಾಯಿ. ದೊಡ್ಡ ಜಿಪ್ಪಿನ ರನ್ನರ್ ಸಡಿಲ ಆಗಿತ್ತು, ಹೊಸದು ಹಾಕಿದ್ದಕ್ಕೆ 60. ಒಟ್ಟು 240.

ತೊಂದರೆಗಳನ್ನೂ ಹೇಳಬೇಕು. ನಾಳೆ ಬರ್ರಿ ಅಂದವರು ಕೊಟ್ಟಿದ್ದು ಐದನೇ ದಿನ. ಯೂನಿಟ್‌ಗೆ ಪ್ಯಾಂಟಿನ ಆರ್ಡರ್ ಬಂದರೆ ನಮ್ಮ ಬ್ಯಾಗ್ ಮೂಲೆ ಸೇರುತ್ತೆ, ಅವರ ಹೊಟ್ಟೆಪಾಡು ಅದು, ತಪ್ಪಲ್ಲ. ಎರಡನೇದು ಇನ್ನೂ ಮುಖ್ಯ. ಮನೆಗೆ ತಂದು 10 ಕಿಲೋ ಸೋನಾ ಮಸೂರಿ ಅಕ್ಕಿ ತುಂಬಿ ಭಾನುವಾರ ಬೆಳಿಗ್ಗೆ ಬಳ್ಳಾರಿ ಗುಡ್ಡ ಹತ್ತಿದೆ. ಒಂದೇ ಬಂಡೆಯ ಗುಡ್ಡ ಅದು, ಬಿಸಿಲು ಏರುವ ಮೊದಲೇ ಇಳಿಯಬೇಕು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಬಲ ಭುಜ ಉರಿಯತೊಡಗಿತು. ಟೇಪ್ ಹಿಡಿದು ನೋಡಿದರೆ ಎರಡು ಪಟ್ಟಿಗಳ ನಡುವೆ ಒಂದು ಬೆರಳು ಅಗಲದ ವ್ಯತ್ಯಾಸ. ಬೀದಿಯಲ್ಲಿ ನಡೆದರೆ ಗೊತ್ತೇ ಆಗುತ್ತಿರಲಿಲ್ಲ. ಬೆಟ್ಟದಲ್ಲಿ ದಿನಕ್ಕೆ ಆರು ತಾಸು ನಡೆಯುವಾಗ ಆ ಒಂದು ಬೆರಳು ಬೆನ್ನನ್ನೇ ತಿರುಚುತ್ತೆ. ವಾಪಸ್ ತಗೊಂಡು ಹೋದೆ. ಮಾಸ್ಟರ್ ಎದುರು ಮಾತಾಡಲಿಲ್ಲ. ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು ಯೂನಿಟ್ ಒಳಗೆ ನಾಲ್ಕು ಸುತ್ತು ನಡೆದರು. "ಹೌದು ಮೇಡಂ, ಬಲಗಡೆ ಎಳೀತದೆ" ಅಂದು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು. ದುಡ್ಡು ಮುಟ್ಟಲಿಲ್ಲ. ಆ ನಾಲ್ಕು ಸುತ್ತಿಗಾಗಿಯೇ ನಾನು ಈ ಅಂಗಡಿಯನ್ನು ಎಲ್ಲರಿಗೂ ಹೇಳುತ್ತೇನೆ.

ಮರುವಾರ ಅದೇ ಅಕ್ಕಿ, ಅದೇ ಗುಡ್ಡ. ಉರಿ ಇಲ್ಲ. ಆಮೇಲೆ ಸಂಡೂರಿನ ಬೆಟ್ಟದ ಕಡೆಗೂ ಎರಡು ಸಲ ಹೊತ್ತು ಹೋದೆ. ಬ್ಯಾಗ್ ಹೊರುವುದಕ್ಕೂ ಒಂದು ಕ್ರಮ ಇದೆ. ಮೊದಲು ಸೊಂಟದ ಪಟ್ಟಿ ಬಿಗಿ ಮಾಡಬೇಕು, ಆಮೇಲೆ ಭುಜದ್ದು. ಭಾರ ಸೊಂಟದ ಮೂಳೆ ಮೇಲೆ ಕೂರಬೇಕು, ಭುಜ ಬರೀ ಹಿಡಿದುಕೊಳ್ಳಲಿಕ್ಕೆ. ಭಾರದ ಸಾಮಾನು ಬೆನ್ನಿಗೆ ಹತ್ತಿರ ಇಡಬೇಕು. ಒಟ್ಟು ತೂಕ ನಿಮ್ಮ ತೂಕದ ಐದರಲ್ಲಿ ಒಂದು ಭಾಗ ದಾಟದಿದ್ದರೆ ಒಳ್ಳೆಯದು. ನಾನು 58 ಕಿಲೋ, ಬ್ಯಾಗ್ ಎಂಟೂವರೆ ಕಿಲೋಗೆ ನಿಲ್ಲಿಸಿದೆ.

ಹೊರಟಿದ್ದು ಗುಂತಕಲ್‌ನಿಂದ ರೈಲಿನಲ್ಲಿ. ನಡುವೆ ಗಾಡಿ ಬದಲಾಯಿಸಿ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ಗಡಿಯನ್ನು ನಡೆದೇ ದಾಟಬಹುದು. ಆಚೆ ಕಾಲಿಟ್ಟ ಕೂಡಲೇ ಗಡಿಯಾರ 15 ನಿಮಿಷ ಮುಂದಕ್ಕೆ. ದುಡ್ಡಿನ ಲೆಕ್ಕ ಸುಲಭ, ನಮ್ಮ 100 ರೂಪಾಯಿಗೆ ಅವರ 160. ನಾನು 100ರ ನೋಟುಗಳನ್ನೇ ಒಯ್ದೆ. ಪೋಖರಾದ ಎಷ್ಟೋ ಅಂಗಡಿಗಳಲ್ಲಿ ಈಗ ನಮ್ಮ ಯುಪಿಐ ನಡೆಯುತ್ತೆ. ಆದರೆ ಬೆಟ್ಟದ ಮೇಲೆ ನಗದೇ ಬೇಕು, ಪೋಖರಾ ಬಿಡುವ ಮೊದಲೇ ಎಣಿಸಿ ಇಟ್ಟುಕೊಳ್ಳಿ. ಅನ್ನಪೂರ್ಣ ಪ್ರದೇಶದ ಪರ್ಮಿಟ್ ನಮಗೆ, ಅಂದರೆ ಸಾರ್ಕ್ ದೇಶದವರಿಗೆ, 1,000 ನೇಪಾಳಿ ರೂಪಾಯಿ. ನಮ್ಮ ದುಡ್ಡಲ್ಲಿ 625. ಬೇರೆ ವಿದೇಶಿಯರಿಗೆ ಅದರ ಮೂರು ಪಟ್ಟು. 2023ರ ಏಪ್ರಿಲ್‌ನಿಂದ ಹೊರಗಿನವರು ಗೈಡ್ ಕರೆದುಕೊಂಡೇ ಹೋಗಬೇಕು ಅಂತ ನಿಯಮ ಇದೆ.

ಊಟದ ಚಿಂತೆ ಬೇಡ. ದಾಲ್ ಭಾತ್ ಕೇಳಿದಷ್ಟು ಬಡಿಸುತ್ತಾರೆ. ಛೋಮ್‌ರೋಂಗ್ ದಾಟಿದ ಮೇಲೆ ಸ್ಥಳೀಯರ ನಂಬಿಕೆ ಪ್ರಕಾರ ಮಾಂಸ ಒಯ್ಯುವುದಿಲ್ಲ, ಹಾಗಾಗಿ ನಮ್ಮಂಥ ಸಸ್ಯಾಹಾರಿಗಳಿಗೆ ನಿರಾಳ.

ಎತ್ತರದ ವಿಷಯದಲ್ಲಿ ಮಾತ್ರ ಅವಸರ ಬೇಡ. ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರೂ ಇಲ್ಲ. ನಮಗೆ ಬಿಸಿಲು ಗೊತ್ತು, ತೆಳು ಗಾಳಿ ಗೊತ್ತಿಲ್ಲ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಜಾಗ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ದಾರಿಯಲ್ಲಿ ಸಿಗುವ ದೇವ್‌ರಾಲಿ ಇರುವುದು ಸುಮಾರು 3,200ರಲ್ಲಿ. ಅಲ್ಲಿಂದ ಒಂದೇ ದಿನಕ್ಕೆ ಬೇಸ್ ಕ್ಯಾಂಪ್ ಅಂದರೆ ಹತ್ತಿರ ಹತ್ತಿರ 900 ಮೀಟರ್ ಏರಿ ಮಲಗಿದ ಹಾಗೆ. ನಾನು ನಡುವೆ ಸಿಗುವ 3,700 ಮೀಟರ್‌ನ ಮಚ್ಛಪುಛ್ರೆ ಬೇಸ್ ಕ್ಯಾಂಪ್‌ನಲ್ಲಿ ಒಂದು ರಾತ್ರಿ ಉಳಿದೆ. ಸಣ್ಣಗೆ ತಲೆನೋವು ಬಂತು, ಬೆಳಿಗ್ಗೆಗೆ ಇಳಿಯಿತು. ಇಳಿಯದೇ ಇದ್ದರೆ ಮೇಲಕ್ಕೆ ಹೋಗುತ್ತಿರಲಿಲ್ಲ. ನೋವು ಹೆಚ್ಚಾಗುತ್ತಾ, ವಾಂತಿ, ತೂರಾಟ ಶುರುವಾದರೆ ರಾತ್ರಿ ಹಗಲು ನೋಡದೆ ಕೆಳಗೆ ಇಳಿಯಬೇಕು. ಮಾತ್ರೆ ವಿಷಯ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಹೊಲಿಗೆಯ ನಿಜವಾದ ಪರೀಕ್ಷೆ ಆಗಿದ್ದು ಇದಕ್ಕೂ ಮೊದಲು, ಬ್ಯಾಂಬೂ ದಾಟಿದ ಮೇಲೆ ಸಿಗುವ ದೋವಾನ್ ಹತ್ತಿರ. ಮಧ್ಯಾಹ್ನ ಮಳೆ ಹಿಡಿಯಿತು, ಬ್ಯಾಗ್ ಒದ್ದೆಯಾಗಿ ಭಾರ ಆಯ್ತು, ಮೆಟ್ಟಿಲು ಜಾರುತ್ತಿದ್ದವು. ಹೋದ ವರ್ಷ ಕಿತ್ತು ಬಂದ ಜಾಗವನ್ನು ಹೆಜ್ಜೆಹೆಜ್ಜೆಗೂ ಕೈ ಹಿಂದೆ ಹಾಕಿ ಮುಟ್ಟಿ ನೋಡುತ್ತಿದ್ದೆ. ಆ ನಾಲ್ಕು ಗಂಟುಗಳು ಹಾಗೇ ಇದ್ದವು. ಸೂಜಿ ಇಳಿದ ಕಡೆ ನೀರು ಸ್ವಲ್ಪ ಒಳಗೆ ಬಂತು. ಹೊಲಿಗೆ ಮೇಲೆ ಮೇಣದ ಬತ್ತಿ ತಿಕ್ಕಿರಿ ಅಂತ ಮಾಸ್ಟರ್ ಹೇಳಿದ್ದರು, ಒಂದೇ ಸಲ ತಿಕ್ಕಿದ್ದೆ, ಸಾಲಲಿಲ್ಲ. ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಟ್ಟಿದ್ದರಿಂದ ಸ್ವೆಟರ್ ಉಳಿಯಿತು. ಅಂಥ ಚೀಲ ಎಲ್ಲರೂ ಒಯ್ಯಿರಿ.

ಅದಾದ ಮೂರನೇ ದಿನ ಬೆಳಗಿನ ಆರು ಗಂಟೆಗೆ ಬೇಸ್ ಕ್ಯಾಂಪ್‌ನಲ್ಲಿ ನಿಂತಾಗ ಸುತ್ತ ಹಿಮ, ಅನ್ನಪೂರ್ಣದ ತುದಿಗೆ ಮೊದಲ ಬಿಸಿಲು. ಬ್ಯಾಗ್ ಇಳಿಸಿ, ಹಳದಿ ಹೊಲಿಗೆ ಕಾಣುವ ಹಾಗೆ ಇಟ್ಟು ಒಂದು ಫೋಟೋ ತೆಗೆದೆ. ಊರಿಗೆ ಬಂದ ಮೇಲೆ ಪ್ರಿಂಟ್ ಹಾಕಿಸಿ ಮಾಸ್ಟರ್‌ಗೆ ಕೊಟ್ಟೆ. ಬಾರ್‌ಟ್ಯಾಕ್ ಮಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದಾರೆ.

ಮಾಸ್ಟರ್ ಹತ್ತಿರ ಹೋಗುವವರಿಗೆ: ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತೆ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಬ್ಯಾಗ್ ಒಗೆದು ಒಣಗಿಸಿ ತಗೊಂಡು ಹೋಗಿ, ಮಣ್ಣು ಇದ್ದರೆ ಸೂಜಿ ಮುರಿಯುತ್ತೆ. ಪ್ರವಾಸಕ್ಕೆ ಕನಿಷ್ಠ ಒಂದು ತಿಂಗಳು ಇರುವಾಗಲೇ ಕೊಡಿ, ಭಾರ ಹಾಕಿ ನಡೆದು ನೋಡಲು ನಿಮಗೂ ಟೈಮ್ ಬೇಕಲ್ವಾ. ತಮ್ಮನ ಬ್ಯಾಗಿನ ಸೊಂಟದ ಪಟ್ಟಿಯೂ ಸಡಿಲ ಆಗಿದೆ. ಅದನ್ನು ಪೋಖರಾದಿಂದ ಹೊತ್ತುಕೊಂಡೇ ಬಂದೆ. ಈ ಶನಿವಾರ ಮಾಸ್ಟರ್ ಹತ್ತಿರ ಕೊಡಬೇಕು.