ಕ್ಯೋಟೊದಲ್ಲಿ ಎಲ್ಲಿ ಉಳಿಯೋದು? ನನ್ನ ವೋಟು ನಡುಊರಿನ ರ್ಯೊಕಾನ್‌ಗೆ, ಊಟ ಬಿಟ್ಟು

ಮೊದಲೇ ಹೇಳಿಬಿಡುತ್ತೇನೆ. ಕ್ಯೋಟೊಗೆ ಮತ್ತೆ ಹೋದರೆ ನಾನು ಉಳಿಯುವುದು ಊರ ನಡುವಿನ ಸಣ್ಣ ರ್ಯೊಕಾನ್‌ನಲ್ಲೇ, ಅದೂ ಊಟದ ಪ್ಲಾನ್ ತೆಗೆದುಕೊಳ್ಳದೆ. ರ್ಯೊಕಾನ್ ಅಂದರೆ ಜಪಾನಿನ ಹಳೇ ಶೈಲಿಯ ತಂಗುಮನೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ ಸ್ಟೇಷನ್ ಪಕ್ಕದ ಬಿಸಿನೆಸ್ ಹೋಟೆಲ್, ಬಾಡಿಗೆಗೆ ಸಿಗುವ ಹಳೇ ಮರದ ಮನೆ, ಊಟ ಸೇರಿದ ರ್ಯೊಕಾನ್, ಊಟ ಇಲ್ಲದ ರ್ಯೊಕಾನ್ ಎಲ್ಲದರಲ್ಲೂ ಇದ್ದು ನೋಡಿದೆವು. ನಾವಿಬ್ಬರೂ ಮೀನು, ಮೊಟ್ಟೆ ಮುಟ್ಟದವರು. ಅಮ್ಮನಿಗೆ ಮಂಡಿನೋವು. ಈ ಎರಡು ವಿಷಯ ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ರ್ಯೊಕಾನ್ ಅಂದ ತಕ್ಷಣ ಬೆಟ್ಟ, ಬಿಸಿನೀರ ಬುಗ್ಗೆ ಕಣ್ಮುಂದೆ ಬರುತ್ತವೆ. ಆದರೆ ಕ್ಯೋಟೊದ ನಡುಊರಲ್ಲೂ ರ್ಯೊಕಾನ್‌ಗಳಿವೆ. ಕರಾಸುಮಾ ಓಯಿಕೆ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ನಿಶಿಕಿ ಮಾರ್ಕೆಟ್ ಕಡೆ ನಡೆದರೆ ಗಲ್ಲಿಗಳಲ್ಲಿ ಸಿಗುತ್ತವೆ. ಫುಯಾಚೋ ಬೀದಿಯಲ್ಲಿ ತವಾರಾಯಾ ಮತ್ತು ಹೀರಾಗಿಯಾ ಅನ್ನುವ ಎರಡು ಹಳೇ ರ್ಯೊಕಾನ್ ಎದುರುಬದುರು ನಿಂತಿವೆ. ಹೀರಾಗಿಯಾ ಶುರುವಾಗಿದ್ದು 1818ರಲ್ಲಿ. ಅವು ನಮ್ಮ ಜೇಬಿಗೆ ಎಟುಕುವಂಥವಲ್ಲ, ಹೊರಗಿನಿಂದಲೇ ನೋಡಿಕೊಂಡು ಬಂದೆವು. ನಾನು ಹೇಳುತ್ತಿರುವುದು ಕೆಲವೇ ಕೋಣೆಗಳ, ಒಂದು ಮನೆಯವರೇ ನಡೆಸುವ ಸಣ್ಣವುಗಳ ಬಗ್ಗೆ.

ಬಿಸಿನೆಸ್ ಹೋಟೆಲ್ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ. ಶುಚಿ, ಅಗ್ಗ, ಮಂಚ ಇದೆ, ಕೆಳಗೆ ಬಟ್ಟೆ ಒಗೆಯುವ ಮಷೀನು ಇದೆ. ಎರಡು ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲು ಜಾಗ ಇಲ್ಲ. ರಾತ್ರಿ ತಡವಾಗಿ ಬಂದು ಬೆಳಗ್ಗೆ ರೈಲು ಹಿಡಿಯುವವರಿಗೆ ಸರಿ.

ಹಳೇ ಮರದ ಮನೆ, ಅಂದರೆ ಮಾಚಿಯಾ, ನೋಡಲು ಬಲು ಚೆಂದ. ಅಗಲ ಕಡಿಮೆ, ಉದ್ದಕ್ಕೆ ಹೋಗುತ್ತಲೇ ಇರುತ್ತದೆ. ಅಡುಗೆಮನೆ ಇದ್ದದ್ದರಿಂದ ಅಮ್ಮ ಮೊದಲ ದಿನವೇ ಅನ್ನ, ಸಾರು ಮಾಡಿದರು. ಆದರೆ ಮಲಗುವ ಕೋಣೆ ಮಹಡಿ ಮೇಲೆ, ಮೆಟ್ಟಿಲು ಏಣಿಯಷ್ಟು ಕಡಿದು. ರಾತ್ರಿ ಬಚ್ಚಲಿಗೆ ಅಂತ ಇಳಿಯುವಾಗಲೆಲ್ಲ ನಾನು ಎದ್ದು ಕೆಳಗಡೆ ನಿಲ್ಲಬೇಕಾಗುತ್ತಿತ್ತು. ಕೀಲಿ ನಂಬರ್ ಫೋನಿಗೆ ಬರುತ್ತದೆ, ಒಂದು ಮಾತು ಕೇಳೋಣ ಅಂದರೆ ಅಲ್ಲಿ ಯಾರೂ ಇರುವುದಿಲ್ಲ. ಮಕ್ಕಳುಮರಿ ಸೇರಿ ನಾಲ್ಕೈದು ಜನ ಹೋಗುವುದಾದರೆ ತಲೆಗೆ ಬೀಳುವ ಖರ್ಚು ಕಡಿಮೆ, ಅವರಿಗೆ ಇದೇ ಒಳ್ಳೆಯದು.

ಈಗ ಊಟ ಸೇರಿದ ರ್ಯೊಕಾನ್‌ನ ವಿಷಯ. ನನ್ನ ತಕರಾರೆಲ್ಲ ಇಲ್ಲೇ ಇರುವುದು.

ಬುಕ್ ಮಾಡುವಾಗಲೇ ಸಸ್ಯಾಹಾರಿಗಳು, ಮೀನೂ ಬೇಡ ಅಂತ ಬರೆದಿದ್ದೆ. ಆಗಬಹುದು ಅಂತ ಉತ್ತರವೂ ಬಂದಿತ್ತು. ಸಂಜೆ ಆರೂವರೆಗೆ ಕೋಣೆಗೇ ಊಟ ತಂದರು. ಪುಟ್ಟ ಪುಟ್ಟ ಬಟ್ಟಲು, ಒಂದೊಂದರಲ್ಲೂ ಎರಡೇ ತುತ್ತು. ಬೇಯಿಸಿದ ಕುಂಬಳಕಾಯಿ, ಬದನೆಕಾಯಿ, ತೋಫು, ಮಿಸೊ ಸೂಪು. ಮೀನಿನ ಒಂದು ತುಂಡೂ ಇರಲಿಲ್ಲ. ಆದರೆ ತೋಫು ಮೇಲೆ ಮರದ ಹೊಟ್ಟಿನಂಥ ತೆಳು ಚೂರುಗಳು ಬಿಸಿಗೆ ಅಲ್ಲಾಡುತ್ತಿದ್ದವು. ಅದು ಕತ್ಸುವೊಬುಶಿ. ಬೊನಿಟೊ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿಯಾದ ಮೇಲೆ ಹೆರೆದಿದ್ದು.

ಅದನ್ನಾದರೂ ಪಕ್ಕಕ್ಕೆ ಸರಿಸಬಹುದು. ಕಣ್ಣಿಗೆ ಕಾಣದ್ದನ್ನು ಏನು ಮಾಡುವುದು? ಅಲ್ಲಿನ ಅಡುಗೆಗೆ ಬುನಾದಿಯೇ ದಾಶಿ ಅನ್ನುವ ಕಟ್ಟು. ಸಾಮಾನ್ಯವಾಗಿ ಇದೇ ಮೀನಿನ ಚೂರು ಮತ್ತು ಕೊಂಬು ಅನ್ನುವ ಕಡಲ ಪಾಚಿಯನ್ನು ನೀರಿಗೆ ಹಾಕಿ ತೆಗೆಯುತ್ತಾರೆ. ಕುಂಬಳಕಾಯಿ ಬೆಂದಿದ್ದು ಅದರಲ್ಲೇ. ಸೂಪು ಮಾಡಿದ್ದೂ ಅದರಲ್ಲೇ. ಬಡಿಸಿದ ಹೆಂಗಸು ಇದನ್ನೆಲ್ಲ ತುಂಬ ಮರ್ಯಾದೆಯಿಂದಲೇ ವಿವರಿಸಿದರು. ಅವರ ಲೆಕ್ಕದಲ್ಲಿ ಮೀನು ತಟ್ಟೆಯಲ್ಲಿಲ್ಲ, ಅಲ್ಲಿಗೆ ಮುಗಿಯಿತು. ಅಮ್ಮ ಬರೀ ಅನ್ನಕ್ಕೆ ಸೋಯಾ ಸಾಸ್ ಕಲೆಸಿಕೊಂಡು ತಿಂದರು. ಅವತ್ತು ತಲೆಗೆ 20 ಸಾವಿರ ಯೆನ್‌ಗೂ ಜಾಸ್ತಿ ಕೊಟ್ಟಿದ್ದೆವು. ನನಗೆ ಹೊಟ್ಟೆ ಉರಿದಿದ್ದು ದುಡ್ಡಿಗಿಂತ ಅಮ್ಮನ ತಟ್ಟೆ ನೋಡಿ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಬುಕ್ ಮಾಡುವಾಗ ಸಸ್ಯಾಹಾರಿ ಅಂತಷ್ಟೇ ಬರೆಯಬೇಡಿ. ಕತ್ಸುವೊ ದಾಶಿ ಬೇಡ, ಬರೀ ಕೊಂಬು ಅಥವಾ ಅಣಬೆಯ ದಾಶಿಯಲ್ಲಿ ಮಾಡುತ್ತೀರಾ ಅಂತ ಬಿಡಿಸಿ ಕೇಳಿ. ಆಗ ಕೆಲವರು ಆಗುವುದಿಲ್ಲ ಅನ್ನುತ್ತಾರೆ. ಹಾಗೆ ನೇರವಾಗಿ ಹೇಳುವವರನ್ನು ನಾನು ಜಾಸ್ತಿ ನಂಬುತ್ತೇನೆ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮೀನಿನ ಕಟ್ಟು ಹಾಕುವುದಿಲ್ಲ. ಕ್ಯೋಟೊದ ಪಶ್ಚಿಮದ ಅಂಚಿನ ಅರಾಶಿಯಾಮಾದ ತೆನ್ರ್ಯೂಜಿ ದೇವಾಲಯದ ಆವರಣದಲ್ಲೇ ಶಿಗೆತ್ಸು ಅನ್ನುವ ಅಂಥ ಊಟದ ಮನೆ ಇದೆ. ಮಧ್ಯಾಹ್ನ ಅಲ್ಲಿ ಉಂಡರೆ ರಾತ್ರಿ ರ್ಯೊಕಾನ್ ಊಟದ ಆಸೆ ಉಳಿಯುವುದಿಲ್ಲ.

ಊಟ ಸೇರಿದ್ದರೆ ಇನ್ನೊಂದು ಕಟ್ಟುಪಾಡು ಇದೆ. ಹೊತ್ತಿಗೆ ಸರಿಯಾಗಿ ವಾಪಸ್ ಬರಬೇಕು. ಕಾಮೊ ಹೊಳೆ ದಂಡೆ ನಡೆದು ಹೋಗುವಷ್ಟು ಹತ್ತಿರ, ಸಂಜೆ ಗಾಳಿ ಬೀಸುವ ಹೊತ್ತು, ನಾವು ಆರು ಗಂಟೆ ಆಯ್ತು ಅಂತ ಓಡಿ ಬರಬೇಕು. ಬೆಟ್ಟದ ಮೇಲಿನ ರ್ಯೊಕಾನ್‌ನಲ್ಲಿ ಇದು ತೊಂದರೆಯಲ್ಲ, ಅಲ್ಲಿ ಹೊರಗೆ ಹೋಗಲು ಜಾಗವೇ ಇರುವುದಿಲ್ಲ. ನಡುಊರಲ್ಲಿ ಇದ್ದು ಹೀಗೆ ಮಾಡುವುದು ಯಾಕೆ ಬೇಕು, ಅಲ್ವಾ?

ಹಾಗಾಗಿ ಊಟ ಇಲ್ಲದ ಪ್ಲಾನ್. ಅಲ್ಲಿ ಅದಕ್ಕೆ ಸುದೊಮಾರಿ ಅನ್ನುತ್ತಾರೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದರೆ ಹುಲ್ಲಿನ ಚಾಪೆಯ ವಾಸನೆ. ಕ್ಯೋಟೊ ಕಡೆಯ ತತಾಮಿ ಚಾಪೆ ಟೋಕಿಯೊ ಕಡೆಯದಕ್ಕಿಂತ ದೊಡ್ಡದು, ಹಾಗಾಗಿ ಆರು ಚಾಪೆ ಹಿಡಿಯುವ ಕೋಣೆ ಇಬ್ಬರಿಗೆ ಧಾರಾಳ. ಸಂಜೆ ಮನೆಯೊಡತಿ ಬಂದು ಗೋಡೆ ಬೀರುವಿನಿಂದ ಹಾಸಿಗೆ ಇಳಿಸಿ ಹಾಸಿಕೊಟ್ಟರು. ದಿಂಬಿನೊಳಗೆ ಹತ್ತಿಯಲ್ಲ, ಸೋಬಾ, ಅಂದರೆ ಬಕ್‌ವೀಟ್ ಕಾಳಿನ ಸಿಪ್ಪೆ. ಮಗ್ಗುಲು ಬದಲಿಸಿದರೆ ಸರಸರ ಅನ್ನುತ್ತದೆ, ಕತ್ತಿಗೆ ತಣ್ಣಗಿರುತ್ತದೆ. ಅಮ್ಮನಿಗೆ ಬಹಳ ಹಿಡಿಸಿತು.

ಸ್ನಾನದ ಬಗ್ಗೆ ಅಮ್ಮ ಹೆದರಿದ್ದರು. ಎಲ್ಲರೂ ಒಟ್ಟಿಗೆ ಸ್ನಾನ ಮಾಡುವುದೇ ಅಂತ. ನಾವಿದ್ದ ಕಡೆ ಒಂದೇ ಸಣ್ಣ ಬಚ್ಚಲು, ಸರದಿ ಪ್ರಕಾರ ಒಳಗಿನಿಂದ ಚಿಲಕ ಹಾಕಿಕೊಂಡು ಹೋಗುವುದು. ಹೊರಗೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡು, ಆಮೇಲೆ ತೊಟ್ಟಿಗೆ ಇಳಿಯಬೇಕು. ಬುಗ್ಗೆಯ ನೀರಲ್ಲ, ಕಾಯಿಸಿದ ನೀರೇ. ದಿನವಿಡೀ ನಡೆದ ಕಾಲಿಗೆ ಅಷ್ಟು ಸಾಕು.

ಗೋಡೆ ತೆಳು, ಪಕ್ಕದ ಕೋಣೆಯ ಕೆಮ್ಮು ಕೇಳಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುತ್ತಾರೆ. ನಮಗೆ ಎರಡೂ ತೊಂದರೆ ಅನಿಸಲಿಲ್ಲ.

ದುಡ್ಡು ಹೋಲಿಸುವಾಗ ಒಂದು ಎಚ್ಚರ. ಹೋಟೆಲ್ ದರ ಕೋಣೆಗೆ, ರ್ಯೊಕಾನ್ ದರ ಸಾಮಾನ್ಯವಾಗಿ ತಲೆಗೆ. 2018ರ ಅಕ್ಟೋಬರ್‌ನಿಂದ ಕ್ಯೋಟೊ ನಗರ ತಂಗುವವರ ಮೇಲೆ ಹಾಕಿರುವ ತೆರಿಗೆಯೂ ತಲೆ ಲೆಕ್ಕದಲ್ಲೇ. ಇಬ್ಬರಿಗೆ ಲೆಕ್ಕ ಹಾಕಿದರೆ ನಮ್ಮ ರ್ಯೊಕಾನ್ ಹೋಟೆಲಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಅಷ್ಟು ಕೊಡಲು ನನಗೆ ಬೇಜಾರಿಲ್ಲ.

ಉಳಿದಿದ್ದು ಅಮ್ಮನ ಮಂಡಿ. ನೆಲದ ಹಾಸಿಗೆಯಿಂದ ಬೆಳಗ್ಗೆ ಏಳುವಾಗ, "ಕೈ ಕೊಡೇ, ಒಬ್ಬಳಿಗೇ ಏಳೋಕಾಗಲ್ಲ" ಅನ್ನುತ್ತಿದ್ದರು. ತತಾಮಿಯ ಜೊತೆ ತಗ್ಗು ಮಂಚವೂ ಇರುವ ಕೋಣೆಗಳು ಕೆಲವು ರ್ಯೊಕಾನ್‌ಗಳಲ್ಲಿ ಸಿಗುತ್ತವೆ, ವಯೋಶಿತ್ಸು ಅಂತ ಕೇಳಬೇಕು. ಅಮ್ಮ ಜೊತೆಗಿದ್ದರೆ ಮುಂದಿನ ಸಲ ಅದನ್ನೇ ಬುಕ್ ಮಾಡುತ್ತೇನೆ, ನಿಶಿಕಿ ಮಾರ್ಕೆಟ್ ಹತ್ತಿರವೇ.