ದೊಡ್ಡ ಎಂಟರ್‌ಪ್ರೈಸ್ ಸಾಫ್ಟ್‌ವೇರ್ ಕಂಪನಿಯ ಕೆಲಸ: ಒಳಗಿದ್ದವಳ ರಿವ್ಯೂ

ಐದಕ್ಕೆ ಮೂರೂವರೆ ಸ್ಟಾರ್. ಕಂಪನಿಯ ಹೆಸರು ಹೇಳೋದಿಲ್ಲ. ಬೇರೆ ಕಂಪನಿಗಳ ಸಂಬಳ, ಖರೀದಿ, ದಾಸ್ತಾನು, ಲೆಕ್ಕಪತ್ರ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿ ಮಾರುವ ದೊಡ್ಡ ಸಂಸ್ಥೆ ಅಂದುಕೊಳ್ಳಿ. ನಾನು ಅಲ್ಲಿ ಹಲವು ವರ್ಷ ಫೈನಾನ್ಸ್ ಮಾಡ್ಯೂಲ್‌ನಲ್ಲಿ ಡೆವಲಪರ್ ಆಗಿದ್ದೆ. ಆಫರ್ ಲೆಟರ್ ಕೈಯಲ್ಲಿಟ್ಟುಕೊಂಡು ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಈ ಸಾಫ್ಟ್‌ವೇರ್ ಕೊಳ್ಳುವವರು ಬೇರೆ, ಬಳಸುವವರು ಬೇರೆ. ಕೊಳ್ಳುವವರು ಡೆಮೊ ನೋಡುತ್ತಾರೆ, ಉದ್ದದ ಪಟ್ಟಿಯೊಂದರಲ್ಲಿ ಟಿಕ್ ಹಾಕುತ್ತಾರೆ, ಸಹಿ ಮಾಡುತ್ತಾರೆ. ಬೆಳಗಿನಿಂದ ಸಂಜೆವರೆಗೆ ಅದರಲ್ಲಿ ಬಿಲ್ ಎಂಟ್ರಿ ಮಾಡುವ ಗುಮಾಸ್ತರ ಅಭಿಪ್ರಾಯ ಯಾರಿಗೂ ಬೇಕಿರುವುದಿಲ್ಲ. ಕಂಪನಿಯೊಳಗೆ ನಿಮಗೆ ವಿಚಿತ್ರ ಅನ್ನಿಸುವ ಬಹಳಷ್ಟು ಸಂಗತಿಗಳ ಬೇರು ಇಲ್ಲೇ ಇದೆ.

ನಮ್ಮ ಇನ್‌ವಾಯ್ಸ್ ಸ್ಕ್ರೀನನ್ನೇ ನೋಡಿ. ಮೊತ್ತ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಕರ್ಸರ್ ತೆರಿಗೆ ಕೋಡಿಗೆ ಹೋಗಬೇಕು ಅಲ್ವಾ? ಹೋಗುತ್ತಿರಲಿಲ್ಲ. ನಡುವೆ ಯಾರೂ ತುಂಬದ ಒಂದು ಖಾಲಿ ಡಬ್ಬಿಯಲ್ಲಿ ಹೋಗಿ ಕೂರುತ್ತಿತ್ತು. ಪ್ರತಿ ಸಾಲಿಗೂ ಒಂದು ಟ್ಯಾಬ್ ದಂಡ. ಸರಿಮಾಡುವುದು ಅರ್ಧ ದಿನದ ಕೆಲಸ. ಆದರೆ ಅದರ ಟಿಕೆಟ್, ಅಂದರೆ ದಾಖಲಾದ ದೂರು, ವರ್ಷಗಟ್ಟಲೆ ಬಾಕಿ ಕೆಲಸಗಳ ಬ್ಯಾಕ್‌ಲಾಗ್‌ನಲ್ಲಿ ಧೂಳು ತಿಂದಿತು. ಅದೇ ಹೊತ್ತಿಗೆ ಡೈರೆಕ್ಟರುಗಳ ಡೆಮೊಗೆ ಬೇಕಾದ ಬಣ್ಣಬಣ್ಣದ ಡ್ಯಾಶ್‌ಬೋರ್ಡಿಗೆ ಒಂದು ಇಡೀ ತಂಡವೇ ಸಿಕ್ಕಿತು.

ಕೊನೆಗೊಮ್ಮೆ ಟ್ಯಾಬ್ ಸರಿಮಾಡಿದೆವು. ಮುಂದಿನ ರಿಲೀಸ್ ಹೋದ ಕೂಡಲೇ ಒಬ್ಬ ದೊಡ್ಡ ಗ್ರಾಹಕರಿಂದ ದೂರು ಬಂತು. ಅವರ ಸಿಬ್ಬಂದಿಗೆ ಎರಡು ಸಲ ಟ್ಯಾಬ್ ಒತ್ತುವುದು ಕೈಗೆ ಕೂತುಬಿಟ್ಟಿತ್ತು. ಅದಕ್ಕಿಂತ ದೊಡ್ಡ ಫಜೀತಿ ಅಂದರೆ, ಅವರು ಕೀಗಳನ್ನು ತಾನೇ ಒತ್ತುವ ಒಂದು ಸ್ಕ್ರಿಪ್ಟ್ ಬರೆದಿಟ್ಟುಕೊಂಡಿದ್ದರು. ಅದೀಗ ತೆರಿಗೆ ಕೋಡನ್ನು ತಪ್ಪು ಜಾಗದಲ್ಲಿ ತುಂಬುತ್ತಿತ್ತು. ಪರಿಹಾರ? ಒಂದು ಹೊಸ ಸೆಟ್ಟಿಂಗ್. ಹಳೆಯ ನಡವಳಿಕೆಯೇ ಡೀಫಾಲ್ಟ್, ಹೊಸದು ಬೇಕಾದವರು ಆನ್ ಮಾಡಿಕೊಳ್ಳಲಿ. ಇಂಥ ಸೆಟ್ಟಿಂಗ್‌ಗಳ ರಾಶಿಯೇ ಅಲ್ಲಿದೆ. ಯಾವುದನ್ನು ಯಾಕೆ ಇಟ್ಟರು ಅಂತ ನೆನಪಿರುವ ಒಬ್ಬಿಬ್ಬರು ಹಿರಿಯರಿದ್ದರು. ಅವರು ರಜೆ ಹಾಕಿದರೆ ತಂಡಕ್ಕೆ ಎದೆ ಡವಡವ.

ಹೊರಗಿನಿಂದ ನೋಡಿದವರಿಗೆ ಇದು ಸೋಮಾರಿತನ ಅನ್ನಿಸಬಹುದು. ನನಗೂ ಮೊದಮೊದಲು ಹಾಗೇ ಅನ್ನಿಸುತ್ತಿತ್ತು. ಆದರೆ ಈ ಕ್ಷೇತ್ರದ ಗಡಿಯಾರವೇ ಬೇರೆ. ಇಂಥದೇ ಸಾಫ್ಟ್‌ವೇರ್ ಮಾರುವ ಸ್ಯಾಪ್ ಕಂಪನಿಯನ್ನು ಐಬಿಎಂ ಬಿಟ್ಟ ಐವರು ಜರ್ಮನಿಯಲ್ಲಿ ಶುರು ಮಾಡಿದ್ದು 1972ರಲ್ಲಿ. ಅದರ ಆರ್/3 ಅನ್ನುವ ಸಾಫ್ಟ್‌ವೇರ್ ಬಂದದ್ದು 1992ರಲ್ಲಿ. ಹೊಸ ಪೀಳಿಗೆಯ ಎಸ್/4ಹಾನಾ 2015ರಲ್ಲೇ ಬಂದರೂ ಅದಕ್ಕೂ ಹಿಂದಿನ ಇಸಿಸಿ ಅನ್ನುವ ಸಾಫ್ಟ್‌ವೇರಿನ ಮಾಮೂಲಿ ಸಪೋರ್ಟ್ ಮುಗಿಯುವ ಗಡುವನ್ನು 2025ರಿಂದ 2027ರ ಕೊನೆಯವರೆಗೆ ಮುಂದೂಡಬೇಕಾಯಿತು. ಗ್ರಾಹಕರು ಅಷ್ಟು ಬೇಗ ಜಾಗ ಬಿಟ್ಟು ಕದಲುವುದಿಲ್ಲ. ಸಂಬಳ ನಿಲ್ಲದೆ ಹೋಗುತ್ತಿದ್ದರೆ ಸಾಕು ಅನ್ನುತ್ತಾರೆ. ತಪ್ಪೇನಿಲ್ಲ.

ನಾನು ಜಾಸ್ತಿ ಕಲಿತದ್ದು ಸಪೋರ್ಟ್ ಸರದಿಯಲ್ಲಿ. ತಿಂಗಳ ಕೊನೆ ಬಂತೆಂದರೆ ಪಿ1 ಟಿಕೆಟ್ ಗ್ಯಾರಂಟಿ. ಪಿ1 ಅಂದರೆ ಗ್ರಾಹಕರ ಕೆಲಸವೇ ನಿಂತಿದೆ ಅಂತ. ಒಂದು ಸಲ ಒಬ್ಬ ಗ್ರಾಹಕರ ಬಿಲ್ಲಿಂಗ್ ಪೂರ್ತಿ ನಿಂತುಹೋಯಿತು. ಕಾಲ್‌ನಲ್ಲಿ ಒಂದು ಹಿಂಡು ಜನ, ಮುಕ್ಕಾಲು ಪಾಲು ಮ್ಯೂಟ್. ಐದು ನಿಮಿಷಕ್ಕೊಮ್ಮೆ ಯಾರೋ ಮ್ಯಾನೇಜರ್ ಬಂದು "ಅಪ್‌ಡೇಟ್ ಏನಾದ್ರೂ ಇದೆಯಾ?" ಅಂತ ಕೇಳಿ ಮಾಯ. ಸರ್ವರ್ ಆರಾಮಾಗಿತ್ತು, ಮೆಮೊರಿ ಬೇಕಾದಷ್ಟಿತ್ತು. ಆದರೂ ಒಂದು ಬಿಲ್ಲೂ ಹೊರಬರುತ್ತಿರಲಿಲ್ಲ.

ಕಾರಣ ಬಿಲ್ ನಂಬರ್! ಎಷ್ಟೋ ದೇಶಗಳಲ್ಲಿ ಇನ್‌ವಾಯ್ಸ್ ನಂಬರುಗಳು ಸಾಲಾಗಿ ಬರಬೇಕು, ನಡುವೆ ಒಂದೂ ಬಿಟ್ಟುಹೋಗಬಾರದು ಅಂತ ನಿಯಮ ಇರುತ್ತದೆ. ಹಾಗಾಗಿ ಒಂದು ಪ್ರೋಗ್ರಾಂ ನಂಬರ್ ತೆಗೆದುಕೊಂಡರೆ, ಅದರ ಕೆಲಸ ಕಮಿಟ್ ಆಗುವವರೆಗೆ, ಅಂದರೆ ಡೇಟಾಬೇಸ್‌ನಲ್ಲಿ ಕಾಯಂ ಆಗಿ ದಾಖಲಾಗುವವರೆಗೆ, ಆ ಎಣಿಕೆಗೆ ಬೀಗ. ನಡುವೆ ಅದು ಫೇಲಾದರೆ ನಂಬರ್ ವಾಪಸ್ ಬರಬೇಕಲ್ಲ, ಅದಕ್ಕೆ. ಆವತ್ತು ಯಾರೋ ಇಡೀ ತಿಂಗಳ ಬಿಲ್ಲುಗಳನ್ನು ಒಂದೇ ಕಮಿಟ್‌ನಲ್ಲಿ ಓಡಿಸಿದ್ದರು. ಮೊದಲ ಬಿಲ್ಲಿನಲ್ಲೇ ಬೀಗ ಬಿತ್ತು, ಉಳಿದವರೆಲ್ಲ ಹಿಂದೆ ಕ್ಯೂ. ಆ ರನ್ ನಿಲ್ಲಿಸಿ, ಚಿಕ್ಕ ಚಿಕ್ಕ ಕಂತುಗಳಾಗಿ ಕಮಿಟ್ ಮಾಡುವ ಹಾಗೆ, ನಂಬರನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಳ್ಳುವ ಹಾಗೆ ಬದಲಾಯಿಸಿದೆವು. ಕಾನೂನು, ಲೆಕ್ಕಪತ್ರ, ಡೇಟಾಬೇಸ್ ಮೂರೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿರುವುದನ್ನು ಬಿಡಿಸುವ ಇಂಥ ಕೆಲಸ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಮೂರೂವರೆಯಲ್ಲಿ ಮೂರು ಸ್ಟಾರ್ ಕೊಟ್ಟದ್ದೇ ಇದಕ್ಕೆ.

ಅನುಮೋದನೆಗಳ ಕಾಟ ಇದ್ದೇ ಇದೆ. ನೀವು ಬರೆದ ಕೋಡನ್ನು ನೀವೇ ಪ್ರೊಡಕ್ಷನ್‌ಗೆ, ಅಂದರೆ ನಿಜವಾಗಿ ಓಡುತ್ತಿರುವ ಸಿಸ್ಟಂಗೆ, ಹಾಕುವಂತಿಲ್ಲ. ಒಂದು ಸಾಲು ಬದಲಾದರೂ ಟಿಕೆಟ್, ರಿವ್ಯೂ, ಒಪ್ಪಿಗೆ. ಅಮೆರಿಕದಲ್ಲಿ ಕಂಪನಿಗಳ ಲೆಕ್ಕಪತ್ರ ವಂಚನೆ ತಡೆಯುವ 2002ರ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂದ ಮೇಲೆ, ಹಣಕಾಸಿನ ಸಾಫ್ಟ್‌ವೇರ್‌ನಲ್ಲಿ ಯಾರು ಏನು ಬದಲಿಸಿದರು ಅನ್ನುವುದಕ್ಕೆ ಆಡಿಟರ್‌ಗಳು ದಾಖಲೆ ಕೇಳುತ್ತಾರೆ. ಸಪ್ಲೈಯರ್ ಹೆಸರು ಸೇರಿಸುವವರೇ ಅವರಿಗೆ ದುಡ್ಡೂ ಪಾಸು ಮಾಡಬಾರದು ಅಂತ ಗ್ರಾಹಕರಿಗೆ ನಾವೇ ಪಾಠ ಹೇಳುತ್ತೇವೆ. ನಮಗೆ ಮಾತ್ರ ವಿನಾಯಿತಿ ಬೇಕು ಅಂದರೆ ಆಗುತ್ತಾ?

ಸಂಬಳ ಚೆನ್ನಾಗಿದೆ, ತಡವಾಗುವುದಿಲ್ಲ. ಶೇರುಗಳು ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೈಗೆ ಬರುತ್ತವೆ. ಅದಕ್ಕೇ ಬಿಡಬೇಕು ಅಂದುಕೊಂಡವರೂ "ಇನ್ನೊಂದು ವರ್ಷ" ಅಂತ ಕೂರುತ್ತಾರೆ. ಒಂದೂವರೆ ಸ್ಟಾರ್ ಕಳೆದದ್ದು ಮ್ಯಾನೇಜ್‌ಮೆಂಟಿಗೆ. ತಂಡಗಳನ್ನು ಪದೇ ಪದೇ ಕಲಸಿ ಮತ್ತೆ ಜೋಡಿಸುತ್ತಾರೆ. ಹೊಸ ಮ್ಯಾನೇಜರಿಗೆ ನಿಮ್ಮ ಕೆಲಸ ಅರ್ಥವಾಗುವ ಹೊತ್ತಿಗೆ ಅವರಿಗೇ ವರ್ಗ. ರೇಟಿಂಗ್ ಸಭೆಯಲ್ಲಿ ಡ್ಯಾಶ್‌ಬೋರ್ಡ್ ಮಾಡಿದವರ ಸ್ಲೈಡ್ ಮಿಂಚುತ್ತದೆ. ಬೀಗ ಬಿಡಿಸಿದವರ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಕೆಲಸ ಸರಿಯಾದ ಮೇಲೆ ತೋರಿಸುವುದಾದರೂ ಏನನ್ನು?

ಬರೆದದ್ದು ನಾಳೆಯೇ ಜನರ ಕೈಯಲ್ಲಿರಬೇಕು ಅನ್ನುವ ಸ್ವಭಾವ ನಿಮ್ಮದಾಗಿದ್ದರೆ ಸುಮ್ನೆ ಹೋಗಬೇಡಿ, ಉಸಿರು ಕಟ್ಟುತ್ತದೆ. ಹೋಗುವುದಾದರೆ ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಕೇಳಿ. ಈ ತಂಡದ ಕೋಡ್ ಗ್ರಾಹಕರಿಗೆ ತಲುಪಲು ಎಷ್ಟು ತಿಂಗಳು ಹಿಡಿಯುತ್ತದೆ? ಡೆವಲಪರ್‌ಗಳಿಗೆ ಸಪೋರ್ಟ್ ಸರದಿ ಇದೆಯಾ? ಎರಡನೆಯದಕ್ಕೆ "ಇಲ್ಲ, ಅದಕ್ಕೆ ಬೇರೆಯವರಿದ್ದಾರೆ" ಅಂತ ಖುಷಿಯಾಗಿ ಹೇಳಿದರೆ ಬೇರೆ ತಂಡ ಕೇಳಿ.